ಈರುಳ್ಳಿ ಹೊಗೆ ಹೋದ ಕಡೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಗಾಡಿಯಲ್ಲಿ ಅಡುಗೆ ಮಾಡಿ ಮಾರುವವರ ಕಥೆಯನ್ನು, ಒಂದು ದಿನವೂ ಗಾಡಿಯೊಳಗೆ ನಿಂತು ಬೆವರದವರು ಹೇಳಬಾರದು. ಹೇಳಹೊರಟರೆ ಉಪ್ಪು ಹೆಚ್ಚಾಗುತ್ತದೆ, ಇಲ್ಲವೇ ಹಾಕುವುದೇ ಮರೆತುಹೋಗುತ್ತದೆ. ಅಲ್ಲದೆ ಇದು ಇಬ್ಬರು ವಾರಗಿತ್ತಿಯರ ವಿಷಯ. ಅಣ್ಣತಮ್ಮಂದಿರ ಹೆಂಡಿರ ನಡುವೆ ಬಾಯಿ ಹಾಕಿ ಉದ್ಧಾರವಾದವರನ್ನು ಯಾರೂ ಕಂಡಿಲ್ಲ. ಆದರೂ ಆ ಅಂಗಳದಲ್ಲಿ ತಟ್ಟೆ ಹಿಡಿದು, ನಿಂತೇ ತಿಂದು, ಬಾಯಿ ಸುಟ್ಟುಕೊಂಡು ಖುಷಿಪಟ್ಟವರಿಗೆ ಸುಮ್ಮನಿರಲೂ ಆಗುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಆಸ್ಪತ್ರೆಯ ಹಿಂಬಾಗಿಲಿಗೂ ಟೆಲಿಫೋನ್ ಕಚೇರಿಗೂ ನಡುವೆ ಒಂದು ಹಳೆಯ ಬಸ್ ಡಿಪೋ ಇತ್ತು. ಬಸ್ಸುಗಳು ಬೇರೆ ಕಡೆಗೆ ಹೋದಮೇಲೆ ಅಲ್ಲಿ ಉಳಿದದ್ದು ಎಣ್ಣೆಕಲೆ ಹಿಡಿದ ಅಂಗಳ, ಒಂದು ಕಡೆ ಉದ್ದ ಗೋಡೆ, ಗೋಡೆಯ ಕೊನೆಯಲ್ಲೊಂದು ದೊಡ್ಡ ಮರ, ಮರದ ಬುಡದಲ್ಲೊಂದು ನಲ್ಲಿ. ದಿನಾ ಬೆಳಿಗ್ಗೆ ಊಟದ ಗಾಡಿಗಳು ಗೇಟು ದಾಟಿ ಬಂದು, ಗೋಡೆಯ ಪಕ್ಕ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತಿದ್ದವು. ಪತ್ರಿಕೆಯವರು ಇವನ್ನು ಫುಡ್ ಟ್ರಕ್ ಎಂದು ಬರೆಯುತ್ತಾರೆ. ಅಂಗಳದವರಿಗೆ ಬರೀ ಗಾಡಿ. ಕಾಫಿ ಗಾಡಿ, ಹಣ್ಣಿನ ರಸದ ಗಾಡಿ, ಸೂಪಿನ ಗಾಡಿ, ಹೀಗೆ.

ಮಧ್ಯಾಹ್ನ ಆ ಅಂಗಳವನ್ನು ನೋಡಬೇಕಿತ್ತು. ಆಪರೇಷನ್ ಮಾಡುವ ಡಾಕ್ಟರೂ ನೆಲ ಒರೆಸುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು, ಇಬ್ಬರಿಗೂ ಒಂದೇ ಆತುರ. ಕೂರಲು ಕುರ್ಚಿಯಿಲ್ಲ. ತಟ್ಟೆಯನ್ನು ಹಳೆಯ ಟೈರಿನ ಮೇಲೆ, ಮೆಟ್ಟಿಲ ಮೇಲೆ, ಗೆಳೆಯನ ಬೆನ್ನಮೇಲೆ ಇಟ್ಟು ತಿನ್ನುತ್ತಿದ್ದರು. ಗುರುತಿಲ್ಲದವರು, "ಅದೇನ್ರೀ ನಿಮ್ಮ ತಟ್ಟೇಲಿರೋದು?" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡವರು ಒಂದು ಚಮಚ ಕೊಟ್ಟೂ ಬಿಡುತ್ತಿದ್ದರು. ಮನೆಯ ಊಟದ ಮೇಜಿನ ಮುಂದೆ ಇಲ್ಲದ ಧಾರಾಳತನ ಅಲ್ಲಿ ಎಲ್ಲಿಂದ ಬರುತ್ತಿತ್ತೋ, ದೇವರಿಗೇ ಗೊತ್ತು.

ಸೂಪಿನ ಗಾಡಿ ವಾರಗಿತ್ತಿಯರಲ್ಲಿ ದೊಡ್ಡವಳದು, ಅಂದರೆ ಮನೆಯ ದೊಡ್ಡ ಸೊಸೆಯದು. ಅಂಗಳದವರೆಲ್ಲ ಅವಳನ್ನು ಸೂಪಕ್ಕ ಎನ್ನುತ್ತಿದ್ದರು. ಅದು ಹಿಂದೆ ಅಂಚೆಯ ವ್ಯಾನಾಗಿತ್ತು. ಅವಳ ಮೈದುನ ಮೆಕ್ಯಾನಿಕ್. ಪಕ್ಕಕ್ಕೆ ಕಿಟಕಿ ಕೊರೆದು, ಒಳಗೆ ಒಲೆ ಕೂರಿಸಿ, ಹೊಗೆ ಹೊರಗೆ ಹೋಗಲು ಹಿಂಬದಿಯ ಬಾಗಿಲಲ್ಲಿ ಒಂದು ಫ್ಯಾನು ಇಟ್ಟುಕೊಟ್ಟಿದ್ದ. ಅವಳ ಗಂಡ ಬೆಳಿಗ್ಗೆ ಗಾಡಿ ಓಡಿಸಿಕೊಂಡು ಬಂದು, ತರಕಾರಿ ಹೆಚ್ಚಿ, ಪಾತ್ರೆ ತೊಳೆದು, ಸಂಜೆ ವಾಪಸ್ಸು ಓಡಿಸುತ್ತಿದ್ದ. ನಡುನಡುವೆ ತಮಾಷೆ ಮಾಡುತ್ತಿದ್ದ. ತಮಾಷೆ ಬೇಕಿರಲಿಲ್ಲ, ಆದರೆ ಅದು ಪಾತ್ರೆ ತೊಳೆಯುವುದರ ಜೊತೆಗೇ ಬರುತ್ತಿತ್ತು.

ಸೂಪಕ್ಕನಿಗೆ ಒಂದು ಉಪಾಯ ಗೊತ್ತಿತ್ತು. ಸೂಪು ಮುಚ್ಚಿದ ಪಾತ್ರೆಯಲ್ಲಿ ಕುದಿಯುವ ವಸ್ತು, ಅದಕ್ಕೆ ದೂರ ಹೋಗುವ ವಾಸನೆಯಿಲ್ಲ. ಜನರನ್ನು ಗೇಟಿನಿಂದ ಕರೆದು ತರಬೇಕಾದರೆ ವಾಸನೆಯೇ ಬೇಕು. ಆದ್ದರಿಂದ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಅವಳು ಅಗಲವಾದ ಕಾವಲಿಯ ಮೇಲೆ ಬೆಣ್ಣೆ ಹಾಕಿ, ರಾಶಿ ಈರುಳ್ಳಿ ಸುರಿದು, ಕೆಂಪಗಾಗುವ ತನಕ ಹುರಿಯುತ್ತಿದ್ದಳು. ಆಮೇಲೆ ಆ ಈರುಳ್ಳಿಯನ್ನು ಸೂಪಿನ ಪಾತ್ರೆಗೆ ಹಾಕಿ ಕಲಕಿಬಿಡುತ್ತಿದ್ದಳು. ಅದು ಅಲ್ಲಿ ಕರಗಿ ಹೇಳಹೆಸರಿಲ್ಲದಂತಾಗುತ್ತಿತ್ತು. ಈರುಳ್ಳಿ ತಿನ್ನಲಿಕ್ಕಲ್ಲ, ಕರೆಯಲಿಕ್ಕೆ ಎಂದು ಅವಳ ಮಾತು.

ಚಿಕ್ಕ ಸೊಸೆ, ಅಂದರೆ ಮೆಕ್ಯಾನಿಕ್ಕಿನ ಹೆಂಡತಿ, ಮದುವೆಯಾಗಿ ಬಂದಮೇಲೆ ಒಂದು ವರ್ಷ ಇದೇ ಗಾಡಿಯಲ್ಲಿ ಕೈಕೆಲಸ ಮಾಡಿದಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಬಂದವರ ಹೆಸರು, ಅವರ ಮಕ್ಕಳ ಪರೀಕ್ಷೆ, ಅವರ ಮಂಡಿನೋವು ಎಲ್ಲ ಅವಳಿಗೆ ನೆನಪಿರುತ್ತಿತ್ತು. ಆಮೇಲೆ ಅವಳ ಗಂಡ ಅವಳಿಗೂ ಒಂದು ಹಳೆಯ ಬ್ರೆಡ್ಡಿನ ವ್ಯಾನು ಹುಡುಕಿ ಹಳದಿ ಬಣ್ಣ ಬಳಿದುಕೊಟ್ಟ. ಅದರೊಳಗೆ ಒಲೆಯಿಲ್ಲ, ದೊಡ್ಡದೊಂದು ಓವನ್ ಮಾತ್ರ. ಅದರಲ್ಲಿ ಇಡೀ ಆಲೂಗೆಡ್ಡೆಗಳನ್ನು ಸುಟ್ಟು, ಸೀಳಿ, ಒಳಗೆ ಮೊಟ್ಟೆ, ಅಣಬೆ, ಚೀಸ್ ತುಂಬಿ ಕೊಡುತ್ತಾಳಂತೆ.

"ಸುಟ್ಟ ಗೆಡ್ಡೆ ಯಾರು ತಿಂತಾರೆ? ಹಲ್ಲಿಲ್ಲದವರು ತಿನ್ನಬೇಕು," ಎಂದು ದೊಡ್ಡವಳು ನಕ್ಕಳು. ನಕ್ಕಿದ್ದರಿಂದಲೇ ಅವಳ ಮನಸ್ಸು ಧಾರಾಳವಾಯಿತು. ಅದೇ ಸಮಯಕ್ಕೆ ಮರದ ಕೆಳಗಿನ ಜಾಗ, ಅವಳ ಗಾಡಿಯ ಮುಂದಿನದು, ಖಾಲಿಯಾಗಿತ್ತು. ಮಿಠಾಯಿ ಗಾಡಿಯವನು ವ್ಯಾಪಾರ ಬಿಟ್ಟಿದ್ದ. ಅವಳೇ ಹೋಗಿ ಕಾವಲುಗಾರನನ್ನು ಕಂಡು ಆ ಜಾಗ ಕಾದಿರಿಸಿದಳು. ಬಾಯಲ್ಲಿ ಸದಾ ಶಿಳ್ಳೆ ಇಟ್ಟುಕೊಂಡು ಗಾಡಿಗಳನ್ನು ಹಿಂದೆ ಮುಂದೆ ನಡೆಸುತ್ತಿದ್ದ ಆ ಮುದುಕನನ್ನು ಎಲ್ಲರೂ ಶಿಳ್ಳೆ ತಾತ ಎನ್ನುತ್ತಿದ್ದರು.

ಮೊದಲ ದಿನ ಹಳದಿ ಗಾಡಿ ಗೇಟು ದಾಟಿ ಬಂತು. ತಾತ ಮರದ ಕಡೆಗೆ ಕೈ ತೋರಿಸಿ ಶಿಳ್ಳೆ ಊದಿದ. ಚಿಕ್ಕವಳು ಕಿಟಕಿಯಿಂದ ತಲೆ ಹಾಕಿ ಅಂಗಳವನ್ನೆಲ್ಲ ಒಮ್ಮೆ ನೋಡಿದಳು.

"ಬೇಡ ತಾತ. ನಾನು ಅಕ್ಕನ ಬೆನ್ನ ಹಿಂದೆ ನಿಲ್ತೀನಿ."

"ಅಲ್ಲಿ ಬಿಸಿಲು ಕಣಮ್ಮ! ಸುಟ್ಟುಹೋಗ್ತೀಯ."

"ಸುಡೋದೇ ನನ್ನ ಕೆಲಸ ತಾತ," ಎಂದು ಅವಳು ನಕ್ಕು, ಗಾಡಿಯ ಮೂತಿಯನ್ನು ಸೂಪಿನ ಗಾಡಿಯ ಹಿಂಬಾಗಿಲಿಗೆ ಆದಷ್ಟು ಹತ್ತಿರ ತಂದು ನಿಲ್ಲಿಸಿಕೊಂಡಳು.

ದೊಡ್ಡವಳಿಗೆ ಆವತ್ತು ಕಣ್ಣು ತುಂಬಿ ಬಂದಿತ್ತು. ಬೆನ್ನ ಹಿಂದೆ ನಿಲ್ಲುವ ತಂಗಿ! ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದ್ದಳು.

ಆ ಕಣ್ಣೀರು ಒಣಗುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಹಳದಿ ಗಾಡಿಯ ಮುಂದೆ ಜನ ನಿಲ್ಲತೊಡಗಿದರು. ಮೊದಲು ಹೊಸತೆಂದು ಬಂದರು ಎಂದುಕೊಂಡಳು. ಆಮೇಲೆ ಮಳೆಯೆಂದು ಬಂದರು, ಚಳಿಯೆಂದು ಬಂದರು, ಬಿಸಿಲಿಗೂ ಬಂದರು. ಸೂಪಿನ ಗಾಡಿಯ ಮುಂದಿನ ಸಾಲು ಮಾತ್ರ ಹಳೆಯ ಸ್ವೆಟರಿನ ಹಾಗೆ ಬಿಚ್ಚಿಕೊಳ್ಳುತ್ತ ಹೋಯಿತು.

ಕಿಟಕಿಯಿಂದ ನೇರ ನೋಡಿದರೆ ಚಿಕ್ಕವಳ ಸಾಲು ಕಾಣುವುದಿಲ್ಲ. ಆದರೆ ಗಾಡಿಯ ಪಕ್ಕದ ಕನ್ನಡಿಯನ್ನು ಚೂರು ಹೊರಳಿಸಿದರೆ, ಸೌಟು ಹಿಡಿದ ಕಡೆಯಿಂದಲೇ ಹಿಂದಿನದೆಲ್ಲ ಕಾಣುತ್ತದೆ. ದೊಡ್ಡವಳು ದಿನಾ ಗಾಡಿ ನಿಂತ ಕೂಡಲೇ ಕನ್ನಡಿ ಹೊರಳಿಸುತ್ತಿದ್ದಳು. ಸಂಜೆ ಗಂಡ ಸ್ಟೀರಿಂಗ್ ಹಿಡಿದು ಕೂತವನು ಗೊಣಗುತ್ತಿದ್ದ.

"ಈ ಕನ್ನಡೀನ ಯಾರು ತಿರುಗಿಸೋದು? ಹಿಂದೆ ಬರೋ ಲಾರಿ ಬದಲು ನನ್ನ ತಮ್ಮನ ಹೆಂಡ್ತಿ ಗಾಡಿ ಕಾಣೋ ಹಂಗಿದೆ."

"ಗಾಳಿಗೆ ತಿರುಗಿರುತ್ತೆ."

"ಹೌದೌದು. ಈ ಗಾಳಿಗೆ ಹೊಟ್ಟೆನೂ ಉರಿಯುತ್ತೆ."

ಉರಿಯುತ್ತಿತ್ತು, ನಿಜ. ಆ ಉರಿಯಲ್ಲಿ ದಿನಾ ಒಂದು ಹಿಡಿ ಈರುಳ್ಳಿ ಹೆಚ್ಚು ಹಾಕಿದಳು. ಬೆಣ್ಣೆಯನ್ನೂ ಹೆಚ್ಚಿಸಿದಳು. ಕಾವಲಿಯೂ ದೊಡ್ಡದು ಬಂತು. ಹುರಿದಷ್ಟೂ ಜನ ಹೆಚ್ಚು ಬಂದರು. ಬಂದವರು ನೇರವಾಗಿ ಹಳದಿ ಗಾಡಿಯ ಮುಂದೆ ನಿಂತರು. ಏನು ಮಾಟವೋ!

ಬೆಳಿಗ್ಗೆ ಬೆಳಿಗ್ಗೆ ಚಿಕ್ಕವಳು ಕೂಗುತ್ತಿದ್ದಳು: "ಅಕ್ಕಾ, ಈರುಳ್ಳಿ ಹಾಕಿದ್ರಾ?"

"ಹಾಕ್ತೀನಿ, ಹಾಕ್ತೀನಿ. ನಿಂಗ್ಯಾಕೆ ಅದು?"

"ಸುಮ್ನೆ ಕೇಳ್ದೆ ಅಕ್ಕ."

ನನ್ನ ಉಪಾಯ ಕಂಡು ಹಂಗಿಸುತ್ತಾಳೆ ಎಂದುಕೊಂಡು ದೊಡ್ಡವಳು ಸೌಟನ್ನು ಪಾತ್ರೆಗೆ ಢಣ್ಣನೆ ಬಡಿಯುತ್ತಿದ್ದಳು.

ಆ ಅಂಗಳದಲ್ಲಿ ಒಂದು ಪದ್ಧತಿ ಇತ್ತು. ಗಾಡಿಯವರು ತಮ್ಮ ಗಾಡಿಯದನ್ನು ತಾವು ತಿನ್ನಬಾರದು. ಯಾರು ಮಾಡಿದ ಕಟ್ಟಳೆಯೋ ತಿಳಿಯದು, ಆದರೆ ಕಾರಣ ಎಲ್ಲರಿಗೂ ಗೊತ್ತು: ಬೆಳಗಿನಿಂದ ಅದರಲ್ಲೇ ಬೆಂದವರ ಮೂಗು ಸತ್ತಿರುತ್ತದೆ, ತಮ್ಮ ಅಡುಗೆಯ ವಾಸನೆ ತಮಗೇ ಹತ್ತುವುದಿಲ್ಲ. ಆದ್ದರಿಂದ ಊಟದ ಗದ್ದಲ ಮುಗಿದಮೇಲೆ ಪಕ್ಕಪಕ್ಕದ ಗಾಡಿಗಳು ತಟ್ಟೆ ಬದಲಾಯಿಸಿಕೊಳ್ಳುತ್ತಿದ್ದವು. ಕಾಫಿಯವನು ರಸದವಳಿಗೆ ಬನ್ನು ಕೊಟ್ಟರೆ, ರಸದವಳು ಅವನಿಗೆ ಹೆಚ್ಚಿದ ಹಣ್ಣು. ಸೂಪಕ್ಕ ಚಿಕ್ಕವಳಿಗೆ ಸೂಪು ಕೊಡಬೇಕು, ಚಿಕ್ಕವಳು ಅವಳಿಗೆ ಗೆಡ್ಡೆ ಕೊಡಬೇಕು.

ಚಿಕ್ಕವಳು ಬಟ್ಟಲನ್ನು ಎತ್ತಿ ಕೊನೆಯ ಹನಿಯ ತನಕ ಕುಡಿದು, "ಅಕ್ಕಾ, ನಿಮ್ಮ ಕೈಗೆ ಏನಿದೆಯೋ!" ಎನ್ನುತ್ತಿದ್ದಳು. ಹೊಗಳಿದಷ್ಟೂ ದೊಡ್ಡವಳಿಗೆ ಬೆಂಕಿ. ಗೆದ್ದವರು ಸೋತವರನ್ನು ಹೊಗಳುವುದು ಸುಲಭ. ತನಗೆ ಬಂದ ಗೆಡ್ಡೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಹೊಟ್ಟೆಯುಬ್ಬರ ಎಂದೋ, ಹಲ್ಲುನೋವು ಎಂದೋ ಹೇಳಿ, ಕಾಗದದಲ್ಲಿ ಸುತ್ತಿ ಶಿಳ್ಳೆ ತಾತನಿಗೆ ದಾಟಿಸುತ್ತಿದ್ದಳು. ತಾತ ಆ ವರ್ಷ ಚೆನ್ನಾಗಿ ಮೈ ತುಂಬಿಕೊಂಡ.

ಕಡೆಗೆ ಒಂದು ಸಂಜೆ, ಮನೆಯ ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ ಗಂಡ ತಮಾಷೆಯಿಲ್ಲದೆ ಮಾತಾಡಿದ. "ಗಾಡಿ ಹಿಂಗೇ ನಡೆದ್ರೆ ಗ್ಯಾಸಿಗೂ ಸಾಲಲ್ಲ ಕಣೇ. ಐಸ್‌ಕ್ರೀಮಿನವನು ಒಬ್ಬ ಕೇಳ್ತಿದಾನೆ. ಕೊಟ್ಟುಬಿಡೋಣ್ವಾ?"

ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕವಳು ತೆರೆದಳು. "ಅಕ್ಕಾ, ಬೇಜಾರಾಗ್ಬೇಡಿ. ನನ್ನ ಗಾಡೀಗೇ ಬಂದುಬಿಡಿ. ನನಗೂ ಕೈ ಸಾಲ್ತಿಲ್ಲ. ಇಬ್ರೂ ಒಟ್ಟಿಗೆ ಇರೋಣ."

ಆ ಮಾತಿನಲ್ಲಿ ವಿಷವಿತ್ತೇ, ಸಕ್ಕರೆಯಿತ್ತೇ, ದೊಡ್ಡವಳು ರುಚಿ ನೋಡಲಿಲ್ಲ. ತನ್ನ ಗಾಡಿಯಲ್ಲಿ ಕ್ಯಾರೆಟ್ ಹೆರೆಯುತ್ತ ಕೆಲಸ ಕಲಿತವಳು, ಈಗ ತನ್ನನ್ನು ಗೆಡ್ಡೆ ತೊಳೆಯಲು ಕರೆಯುತ್ತಿದ್ದಾಳೆ! ಸ್ವಂತ ಕಿಟಕಿಯಲ್ಲಿ ಸೌಟು ಹಿಡಿದು ನಿಂತವಳು ಇನ್ನೊಬ್ಬರ ಕಿಟಕಿಯ ಒಳಗೆ ಬಗ್ಗಿ ನಿಲ್ಲಬೇಕು. ಕೊಟ್ಟರೆ ಗಾಡಿಯಷ್ಟೇ ಹೋಗುವುದಿಲ್ಲ, ಸೂಪಕ್ಕ ಎಂಬವಳೇ ಹೋಗುತ್ತಾಳೆ. ಇನ್ನು ಯಾರು ಹಾಗೆ ಕರೆಯುತ್ತಾರೆ?

"ಐಸ್‌ಕ್ರೀಮಿನವನಿಗೆ ಬರೋಕೆ ಹೇಳಿ," ಎಂದಳು ಗಂಡನಿಗೆ. "ಮಾರಿ ಮನೇಲಿ ಕೂರ್ತೀನಿ. ಯಾರ ಗಾಡೀಗೂ ಹೋಗಲ್ಲ."

ಚಿಕ್ಕವಳು ತಲೆ ತಗ್ಗಿಸಿದಳು. ನಕ್ಕಳೋ ಎಂದು ದೊಡ್ಡವಳು ಓರೆಗಣ್ಣಿನಲ್ಲಿ ನೋಡಿದಳು. ದೀಪ ಮಂಕಾಗಿತ್ತು, ಕಾಣಲಿಲ್ಲ.

ಕೊಳ್ಳುವವನು ಮಧ್ಯಾಹ್ನ ಅಂಗಳಕ್ಕೇ ಬಂದು ಗಾಡಿ ನೋಡುತ್ತೇನೆಂದ. ಐಸ್‌ಕ್ರೀಮು ಮಾರುವವನಿಗೆ ಈರುಳ್ಳಿ ವಾಸನೆ ಎಂದರೆ ಆಗದು, ಅದು ಹಾಲಿಗೆ ಹತ್ತುತ್ತದೆ ಎಂದು ಗಂಡ ಹೇಳಿದ. ಹಾಗಾಗಿ ಆವತ್ತು ಗಾಡಿಯನ್ನು ಸೋಪು ಹಾಕಿ ತೊಳೆದು, ಕಾವಲಿಯನ್ನು ಒರೆಸಿ ಮೂಲೆಗೆ ನಿಲ್ಲಿಸಿದರು. ಸೂಪನ್ನು ಮಾತ್ರ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬಿಟ್ಟರು.

"ಅಕ್ಕಾ, ಈರುಳ್ಳಿ ಹಾಕಿದ್ರಾ?"

"ಇಲ್ಲ. ಇವತ್ತು ಹಾಕಲ್ಲ. ಇನ್ಮೇಲೂ ಹಾಕಲ್ಲ."

ಹಿಂದಿನ ಗಾಡಿಯಲ್ಲಿ ಓವನ್ನಿನ ಬಾಗಿಲು ಧಡ್ಡನೆ ಮುಚ್ಚಿಕೊಂಡಿತು.

ಊಟದ ಗಂಟೆಯಾಯಿತು. ಆಸ್ಪತ್ರೆಯ ಬಾಗಿಲು ತೆರೆಯಿತು. ದೊಡ್ಡವಳು ಅಭ್ಯಾಸಬಲದಿಂದ ಕನ್ನಡಿ ನೋಡಿದಳು. ಜನ ಗೇಟಿನ ಒಳಗೆ ಬಂದರು, ಬಂದು ನಿಂತರು. ಮನೆಯ ದಾರಿ ತಪ್ಪಿದ ಹಸುಗಳ ಹಾಗೆ ಮೂಗು ಎತ್ತಿ ಆ ಕಡೆ ಈ ಕಡೆ ನೋಡಿದರು. ಕೆಲವರು ಕಾಫಿ ಗಾಡಿಯ ಮುಂದೆ ನಿಂತು ಬನ್ನು ಕೊಂಡರು. ಕೆಲವರು ಇವತ್ತು ಏನೂ ಬೇಡ ಎನ್ನುವ ಹಾಗೆ ಕೈ ಜೇಬಿಗೆ ಹಾಕಿಕೊಂಡು ಹೊರಟೇಹೋದರು. ಹಳದಿ ಗಾಡಿಯ ಮುಂದೆ ಬೆರಳೆಣಿಕೆಯಷ್ಟು ಜನ.

ಅವರಲ್ಲಿ ದಿನಾ ಬರುವ ದಪ್ಪ ನರ್ಸಮ್ಮ ಒಬ್ಬಳು. ಪಿಸುಗುಟ್ಟಿದರೂ ಮೂರು ವಾರ್ಡಿಗೆ ಕೇಳಿಸುವ ಗಂಟಲು ಅವಳದು.

"ಏನಮ್ಮಾ, ಇವತ್ತು ನಿನ್ನ ಗೆಡ್ಡೆ ವಾಸನೇನೇ ಬರ್ತಿಲ್ಲ? ದಿನಾ ಗೇಟಿನ ಹತ್ರಾನೇ ಕಾಲು ಹಿಡಿದು ಎಳೀತಿತ್ತು. ಆ ಬೆಣ್ಣೇಲಿ ಹುರಿದ ಹಂಗೆ ಘಮ್ಮಂತ! ಇವತ್ತು ಒಲೆ ಹಚ್ಚಿಲ್ವಾ?"

"ಹಚ್ಚಿದೀನಿ ಸಿಸ್ಟರ್," ಎಂದಳು ಚಿಕ್ಕವಳು. ದನಿ ಎಂದಿನ ಹಾಗಿರಲಿಲ್ಲ. "ಗೆಡ್ಡೆ ಅದೇನೇ. ತಿಂದು ನೋಡಿ."

ಸೂಪಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

ಬೆಣ್ಣೆಯಲ್ಲಿ ಹುರಿದ ಹಾಗೆ. ಓವನ್ನಿನಲ್ಲಿ ಸುಟ್ಟ ಗೆಡ್ಡೆಗೆ ಬೆಣ್ಣೆಯಲ್ಲಿ ಹುರಿದ ವಾಸನೆ ಎಲ್ಲಿಂದ ಬರಬೇಕು? ಅವಳು ನಿಧಾನವಾಗಿ ತಿರುಗಿ ತನ್ನ ಗಾಡಿಯ ಹಿಂಬಾಗಿಲು ನೋಡಿದಳು. ಅಲ್ಲಿ ಮೈದುನ ಕೂರಿಸಿದ ಫ್ಯಾನು. ಅದರ ಬಾಯಿ ಹೊರಗೆ. ಹೊರಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಳದಿ ಗಾಡಿ. ಇಷ್ಟು ದಿನ ತಾನು ಹುರಿದ ಈರುಳ್ಳಿಯನ್ನೆಲ್ಲ ಆ ಫ್ಯಾನು ಬಾಚಿ ಬಾಚಿ ಚಿಕ್ಕವಳ ಕಿಟಕಿಯ ಮುಂದೆ ಸುರಿದಿದೆ. ಜನ ವಾಸನೆ ಹಿಡಿದು ಬಂದಿದ್ದಾರೆ, ವಾಸನೆ ಗಟ್ಟಿಯಾಗಿದ್ದಲ್ಲಿ ನಿಂತಿದ್ದಾರೆ. ಹೊಟ್ಟೆಕಿಚ್ಚಿಗೆ ತಾನು ಹಿಡಿ ಹಿಡಿ ಹೆಚ್ಚು ಹಾಕಿದಂತೆಲ್ಲ ಅವಳ ಸಾಲು ಉದ್ದವಾಗಿದೆ. ಸತ್ತ ಮೂಗಿನವಳಿಗೆ ಅದು ತಿಳಿಯಲಿಲ್ಲ.

ಯಾರದೋ ಮದುವೆಗೆ ಯಾರೋ ಓಲಗ ಊದಿದ ಹಾಗಾಯಿತಲ್ಲ!

ಅದೇ ಹೊತ್ತಿಗೆ ಐಸ್‌ಕ್ರೀಮಿನವನು ಬಂದು ಗಾಡಿಯ ಟೈರು ಒದ್ದು ನೋಡುತ್ತಿದ್ದ. ಗಂಡ ಪಕ್ಕದಲ್ಲಿ ನಿಂತು ಎಂಜಿನ್ನಿನ ಗುಣಗಾನ ಮಾಡುತ್ತಿದ್ದ. ಒಳಗಿನಿಂದ ಚರ್ರೆಂದು ಸದ್ದು ಕೇಳಿಸಿತು.

"ಏನೇ ಅದು?"

"ಈರುಳ್ಳಿ," ಎಂದಳು ಸೂಪಕ್ಕ.

"ಏಯ್, ಇವ್ರು ಗಾಡಿ ನೋಡೋಕೆ ಬಂದಿದಾರೆ..."

"ನೋಡಿ ಆಯ್ತಲ್ಲ. ಸೂಪು ಕುಡಿದು ಹೋಗೋಕೆ ಹೇಳಿ."

ಕಾವಲಿ ತುಂಬ ಈರುಳ್ಳಿ ಬಿತ್ತು. ಅವಳ ಕೈ ಎಂದಿನಂತೆ ಫ್ಯಾನಿನ ಸ್ವಿಚ್ಚಿನ ಕಡೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವಳು ಕೈ ಹಿಂದೆ ತೆಗೆದುಕೊಂಡಳು.

ಫ್ಯಾನಿಲ್ಲದ ಗಾಡಿಯೊಳಗೆ ಹೊಗೆ ಮೊದಲು ಚಾವಣಿಗೆ ಹತ್ತಿತು, ಆಮೇಲೆ ಇಳಿಯಿತು, ಆಮೇಲೆ ಹೋಗಲು ಬೇರೆ ದಾರಿ ಕಾಣದೆ ಅವಳ ಕಿಟಕಿಯಿಂದಲೇ ಅಂಗಳಕ್ಕೆ ನುಗ್ಗಿತು. ಘಮ ಗೇಟಿನ ತನಕ ಹೋಯಿತು. ಜೇಬಿಗೆ ಕೈ ಹಾಕಿಕೊಂಡು ಹೊರಟವರು ನಿಂತರು, ತಿರುಗಿದರು. ಈ ಸಲ ಹಳದಿ ಗಾಡಿಯನ್ನು ದಾಟಿ ಮುಂದೆ ಬಂದರು. ಸೂಪಕ್ಕನಿಗೆ ಎದುರಿಗೆ ನಿಂತವರ ಮುಖ ಕಾಣಲಿಲ್ಲ. ಕಣ್ಣಿನಿಂದ ಮೂಗಿನಿಂದ ಧಾರೆ. ಕೆಮ್ಮುತ್ತ, ತಡಕಾಡುತ್ತ ಬಟ್ಟಲುಗಳಿಗೆ ಸೂಪು ಸುರಿದಳು. ಈರುಳ್ಳಿಯನ್ನು ಪಾತ್ರೆಗೆ ಕಲಕಲು ಪುರಸೊತ್ತು ಎಲ್ಲಿ? ಹಾಗೇ ಮೇಲೆ ಒಂದೊಂದು ಚಮಚ ಕೆಂಪು ಈರುಳ್ಳಿ ಹಾಕಿ ಕೊಟ್ಟಳು.

"ಅಯ್ಯೋ, ಇದೇ ಕಣ್ರೀ ಆ ವಾಸನೆ!" ಎಂದು ನರ್ಸಮ್ಮನ ಗಂಟಲು ಎಲ್ಲೋ ಹತ್ತಿರದಲ್ಲಿ ಮೊಳಗಿತು. "ಸೂಪಕ್ಕಾ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಗಂಡ ಒಳಗೆ ಬಂದು ಕಣ್ಣುಜ್ಜಿಕೊಂಡ. "ಫ್ಯಾನ್ ಯಾಕೆ ಹಾಕಿಲ್ಲ? ಅಳ್ತಿದೀಯಾ?"

"ಅಳ್ತಿಲ್ಲ. ಬಟ್ಟಲು ತೊಳೀರಿ."

ಕಣ್ಣೊರೆಸಿಕೊಂಡು ಕನ್ನಡಿ ನೋಡಿದಳು. ಹಳದಿ ಗಾಡಿಯ ಮುಂದೆ ಯಾರೂ ಇರಲಿಲ್ಲ. ಚಿಕ್ಕವಳು ಕಿಟಕಿಯ ಹಲಗೆಯ ಮೇಲೆ ಮೊಣಕೈ ಊರಿ, ತನ್ನ ಎದುರಿನ ಖಾಲಿ ಕಾಂಕ್ರೀಟನ್ನು ನೋಡುತ್ತಿದ್ದಳು. ಎಷ್ಟು ದಿನದಿಂದ ಬಯಸಿದ್ದ ನೋಟ! ಸೂಪಕ್ಕ ಅದನ್ನು ಕಣ್ತುಂಬ ನೋಡಿದಳು. ಸಂತೋಷವಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಗದ್ದಲ ಇಳಿಯಿತು. ಐಸ್‌ಕ್ರೀಮಿನವನು ಸೂಪು ಕುಡಿದು, ಬೇರೆ ಕಡೆ ಗಾಡಿ ಹುಡುಕುತ್ತೇನೆಂದು ಹೋದ. ಆಗ ಚಿಕ್ಕವಳು ಬಂದಳು, ಕೈಯಲ್ಲಿ ಎಂದಿನ ತಟ್ಟೆ. ಮಾರದೆ ಉಳಿದ ಗೆಡ್ಡೆಗಳ ರಾಶಿ ಅವಳ ಹಿಂದೆ ಕಾಣುತ್ತಿತ್ತು, ಆದರೆ ಇದನ್ನು ಅವಳು ಆಗಷ್ಟೇ ಓವನ್ನಿನಿಂದ ತೆಗೆದು, ಸೀಳಿ, ತುಂಬಿ ತಂದಿದ್ದಳು.

"ಅಕ್ಕಾ, ತಗೊಳ್ಳಿ. ಹಲ್ಲುನೋವು ಹೆಂಗಿದೆ?"

ಸೂಪಕ್ಕ ತಟ್ಟೆ ಇಸಕೊಂಡಳು. ಶಿಳ್ಳೆ ತಾತ ದೂರದಿಂದ ಆಸೆಯಿಂದ ನೋಡಿದ. ಅವಳು ಆ ಕಡೆ ಬೆನ್ನು ಮಾಡಿ, ಮೊದಲ ಸಲ, ಒಂದು ಚಮಚ ಬಾಯಿಗಿಟ್ಟಳು.

ಚೆನ್ನಾಗಿತ್ತು. ಸಿಪ್ಪೆ ಗರಿಗರಿ, ಒಳಗೆ ಹಿಟ್ಟಿನಂತೆ ಮೆದು, ಅಣಬೆಯ ರಸ ಗೆಡ್ಡೆಗೆ ಇಳಿದಿತ್ತು. ವಾಸನೆ ಕರೆದು ತಂದದ್ದು ನಿಜ. ಆದರೆ ಮಾರನೆಯ ದಿನವೂ ಬರಬೇಕಾದರೆ ವಾಸನೆ ಸಾಲದು. ಚೆನ್ನಾಗಿಲ್ಲದಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಎಂದುಕೊಳ್ಳುತ್ತ ಅವಳು ಎರಡನೆಯ ಚಮಚ ತಿಂದಳು, ಮೂರನೆಯದೂ ತಿಂದಳು.

"ಉಪ್ಪು ಒಂಚೂರು ಕಮ್ಮಿ," ಎಂದಳು.

"ನಾಳೆ ಹಾಕ್ತೀನಿ ಅಕ್ಕ."

"ಒಂದು ಮಾತು ಕೇಳ್ಲಾ? ಮೊದಲ ದಿನ ನೆರಳಿನ ಜಾಗ ಬಿಟ್ಟು ನನ್ನ ಹಿಂದೆ ಯಾಕೆ ನಿಂತೆ?"

ಚಿಕ್ಕವಳು ಮರದ ಕಡೆ ನೋಡಿದಳು. "ಆ ಮರದಲ್ಲಿ ಹಕ್ಕಿಗಳು ಜಾಸ್ತಿ ಅಕ್ಕ. ಮೇಲಿಂದ ಹಿಕ್ಕೆ ಹಾಕ್ತಾವೆ. ಹೊಸ ಹಳದಿ ಬಣ್ಣ ಬೇರೆ."

ಮಿಠಾಯಿ ಗಾಡಿಯವನು ಯಾವತ್ತೂ ಹಕ್ಕಿಯ ಮಾತೆತ್ತಿರಲಿಲ್ಲ. ಹಾಗೆಂದು ಅವನು ತನ್ನ ಗಾಡಿಯ ಚಾವಣಿ ತೊಳೆದದ್ದನ್ನೂ ಯಾರೂ ಕಂಡಿರಲಿಲ್ಲ.

ಸಂಜೆ ಗಂಡನಿಗೆ ಫ್ಯಾನಿನ ಕಥೆ ಹೇಳಿದಳು. ಅವನು ತಲೆ ಕೆರೆದುಕೊಂಡು ನಕ್ಕ, ಆಮೇಲೆ ಹಿಂಬಾಗಿಲು ತಟ್ಟಿ ನೋಡಿದ. "ಅಷ್ಟೇ ತಾನೇ? ತಮ್ಮನಿಗೆ ಹೇಳಿದ್ರೆ ನಾಲ್ಕು ಬೋಲ್ಟು ಬಿಚ್ಚಿ ಮೂತಿ ತಿರುಗಿಸಿಕೊಡ್ತಾನೆ. ಹೊಗೆ ನಿನ್ನ ಕಿಟಕಿ ಮುಂದೇನೇ ಹೋಗ್ಲಿ. ಅವಳ ಪಾಡು ಅವಳಿಗೆ."

ಅವಳು ಬಾಯಿಬಿಟ್ಟು 'ಹೂಂ' ಎನ್ನಬೇಕಿತ್ತು. ಅನ್ನಲಿಲ್ಲ. ಮೂತಿ ತಿರುಗಿಸಿದರೆ ಚಿಕ್ಕವಳು ಬೇರೆ ದಾರಿ ಹುಡುಕಿಕೊಳ್ಳುತ್ತಾಳೆ, ಅವಳು ಚುರುಕು. ತಾನೇ ಒಂದು ಕಾವಲಿ ಇಟ್ಟುಕೊಳ್ಳುತ್ತಾಳೆ. ಆಮೇಲೆ ಅವಳಿಗೆ ಅಕ್ಕನಿಂದ ಏನೂ ಬೇಕಾಗುವುದಿಲ್ಲ. ಹೊಟ್ಟೆಕಿಚ್ಚಿಗೂ ಒಂದು ನೆಂಟಸ್ತಿಕೆ ಬೇಕು. ಇದನ್ನು ಗಂಡನಿಗೆ ಹೇಗೆ ಹೇಳುವುದು? ಅವನು ಇದನ್ನೂ ತಮಾಷೆ ಮಾಡುತ್ತಾನೆ.

"ಬೋಲ್ಟು ಮುಟ್ಬೇಡಿ," ಎಂದಳು. "ಸ್ವಿಚ್ಚು ನನ್ನ ಕೈಯಲ್ಲಿದೆಯಲ್ಲ, ಸಾಕು."

ಮಾರನೆಯ ದಿನ ಅವಳು ಚಿಕ್ಕವಳನ್ನು ಕರೆದು, ಹೊಗೆಯ ವಿಷಯ ಎತ್ತಿ, ಒಂದು ಷರತ್ತು ಹಾಕಿದಳು. ಮೊದಲು ಹುರಿದ ಈರುಳ್ಳಿಯ ಹೊಗೆ ತನ್ನ ಕಿಟಕಿಯಿಂದಲೇ ಹೋಗಬೇಕು, ತನ್ನ ಸಾಲು ನಿಲ್ಲಬೇಕು. ಆಮೇಲೆ ಫ್ಯಾನು ಹಾಕುತ್ತಾಳೆ. ಆದರೆ ತಾನಾಗಿ ಹಾಕುವುದಿಲ್ಲ. ಚಿಕ್ಕವಳು ಬಂದು ಕೇಳಬೇಕು, ಎಲ್ಲರ ಎದುರಿಗೆ, ಗಟ್ಟಿಯಾಗಿ.

ಚಿಕ್ಕವಳು ಫ್ಯಾನಿನ ಮೂತಿಯ ಕಡೆ ಒಮ್ಮೆ ನೋಡಿದಳು. ಆಮೇಲೆ, "ಆಯ್ತು ಅಕ್ಕ," ಎಂದಳು.

ಈಗ ಊಟದ ಹೊತ್ತಿಗೆ ಅಂಗಳಕ್ಕೆ ಹೋದರೆ ಕೇಳಿಸುತ್ತದೆ. ಸೂಪಿನ ಗಾಡಿಯ ಕಿಟಕಿಯಿಂದ ಹೊಗೆ, ಮುಂದೆ ಕೆಮ್ಮುತ್ತ ನಗುತ್ತ ನಿಂತ ಜನ, ಅವರ ಬಟ್ಟಲುಗಳ ಮೇಲೆ ಕೆಂಪು ಈರುಳ್ಳಿ. ಆಗ ಹಳದಿ ಗಾಡಿಯಿಂದ ಇಳಿದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ಕೂಗುತ್ತಾಳೆ: "ಅಕ್ಕಾ! ಫ್ಯಾನ್ ಹಾಕೀ!"

ಜನರಿಗೆ ಅದೊಂದು ಆಟವಾಗಿದೆ. ಅವರೂ ದನಿಗೂಡಿಸುತ್ತಾರೆ. ಕಾಫಿಯವನು ತಟ್ಟೆ ಬಡಿಯುತ್ತಾನೆ, ತಾತ ಶಿಳ್ಳೆ ಊದುತ್ತಾನೆ. ಸೂಪಕ್ಕ ಕೆಲವು ದಿನ ತಕ್ಷಣ ಸ್ವಿಚ್ಚು ಹಾಕುತ್ತಾಳೆ, ಕೆಲವು ದಿನ ಕೇಳಿಸದವಳಂತೆ ಇನ್ನೊಂದಿಷ್ಟು ಬಟ್ಟಲು ತುಂಬುತ್ತಾಳೆ. ಗಾಡಿ ಮಾರುವ ಮಾತು ಮತ್ತೆ ಬಂದಿಲ್ಲ. ಫ್ಯಾನು ತಿರುಗಿದಮೇಲೆ ಹಿಂದಿನ ಸಾಲು ಬೆಳೆಯುತ್ತದೆ, ಈಗಲೂ ಸೂಪಕ್ಕನ ಸಾಲಿಗಿಂತ ಉದ್ದ. ಕನ್ನಡಿ ಈಗಲೂ ದಿನಾ ಹೊರಳುತ್ತದೆ. ಗಂಡ ಈಗಲೂ ಗೊಣಗುತ್ತಾನೆ.

ಗೆಡ್ಡೆಯನ್ನು ಮಾತ್ರ ಅವಳೇ ತಿನ್ನುತ್ತಾಳೆ. ತಾತ ಸ್ವಲ್ಪ ಇಳಿದುಹೋಗಿದ್ದಾನೆ.

ಇನ್ನು ಉಳಿದದ್ದು ಒಂದೇ. ಆ ಮೊದಲ ದಿನ ಚಿಕ್ಕವಳು ಕಿಟಕಿಯಿಂದ ತಲೆ ಹಾಕಿ ಅಂಗಳವನ್ನೆಲ್ಲ ನೋಡಿದಳಲ್ಲ, ಆಗ ಅವಳು ನೋಡಿದ್ದು ಮರದ ಹಕ್ಕಿಗಳನ್ನೋ, ಗಂಡ ಕೂರಿಸಿದ ಫ್ಯಾನಿನ ಮೂತಿಯನ್ನೋ? ದಿನಾ ಬೆಳಿಗ್ಗೆ 'ಈರುಳ್ಳಿ ಹಾಕಿದ್ರಾ' ಎಂದದ್ದು ಪ್ರೀತಿಗೋ, ಲೆಕ್ಕಾಚಾರಕ್ಕೋ? ಸೂಪಕ್ಕ ಮತ್ತೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದು ಎಂಬ ಭಯವಿದ್ದಿರಬೇಕು, ಅದೂ ಊಹೆಯೇ. ಚಿಕ್ಕವಳು ತಾನಾಗಿ ಹೇಳಲಿಲ್ಲ. ಈ ಕಥೆ ಹೇಳಿದವರಿಗೂ ಅದು ಗೊತ್ತಿಲ್ಲ.